ಶಾಮು ಕಲಿಸಿದ ಪಾಠ, ಸ್ಕಿನ್ನರ್ ನೇತುಹಾಕಿದ ಕೊಡೆ

2006ರ ಜೂನ್ 25ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ‘ಮಾಡರ್ನ್ ಲವ್’ ಅಂಕಣದಲ್ಲಿ ಏಮಿ ಸದರ್ಲೆಂಡ್ ಎಂಬ ಲೇಖಕಿ ಒಂದು ಪುಟ್ಟ ಲೇಖನ ಬರೆದರು. ಸುಖೀ ದಾಂಪತ್ಯದ ಬಗ್ಗೆ ಶಾಮು ತನಗೆ ಏನು ಕಲಿಸಿತು ಅನ್ನೋದು ಅದರ ವಿಷಯ. ಶಾಮು ಅಂದರೆ ಅಮೆರಿಕದ ಸೀವರ್ಲ್ಡ್‌ನಲ್ಲಿ ಜನರೆದುರು ನೀರಿಂದ ಚಿಮ್ಮಿ ಕಸರತ್ತು ತೋರಿಸುತ್ತಿದ್ದ ಓರ್ಕಾ ತಿಮಿಂಗಿಲಗಳ ಹೆಸರು. ಆ ವರ್ಷ ಆ ಪತ್ರಿಕೆಯ ಓದುಗರು ಒಬ್ಬರಿಗೊಬ್ಬರು ಅತಿ ಹೆಚ್ಚು ಇಮೇಲ್ ಮಾಡಿಕೊಂಡ ಬರಹಗಳಲ್ಲಿ ಇದೂ ಒಂದು. 2008ರಲ್ಲಿ ಲೇಖನ ಬೆಳೆದು ಪುಸ್ತಕವೇ ಆಯಿತು. ವರ್ತನಾ ವಿಶ್ಲೇಷಣೆ ಅನ್ನೋ ಭಾರೀ ಹೆಸರಿನ ಶಾಸ್ತ್ರವನ್ನು ಅಡುಗೆಮನೆಗೆ ತಂದು ಇಳಿಸಿದ ಬರಹಗಳಲ್ಲಿ ಇಷ್ಟು ಜನಪ್ರಿಯವಾದದ್ದು ಇನ್ನೊಂದು ಇರಲಾರದು. ಅದಕ್ಕೇ ಅದನ್ನು ಸ್ವಲ್ಪ ನಿಧಾನವಾಗಿ, ಸ್ವಲ್ಪ ಅನುಮಾನದಿಂದ ಓದಬೇಕು ಅಂತ ನನ್ನ ವಾದ.

ಲೇಖನದ ಕಥೆ ಇಷ್ಟು. ಸದರ್ಲೆಂಡ್ ಕ್ಯಾಲಿಫೋರ್ನಿಯಾದ ಮೂರ್‌ಪಾರ್ಕ್ ಕಾಲೇಜಿನಲ್ಲಿ ಪ್ರಾಣಿ ತರಬೇತುದಾರರನ್ನು ತಯಾರು ಮಾಡುವ ಕೋರ್ಸಿನ ಬಗ್ಗೆ ಪುಸ್ತಕ ಬರೀತಿದ್ದರು. ಅಲ್ಲಿ ಕತ್ತೆಕಿರುಬಕ್ಕೆ ಗಿರಗಿರ ತಿರುಗೋದನ್ನು ಕಲಿಸ್ತಾರೆ, ಬಬೂನ್ ಕೋತಿಗೆ ಸ್ಕೇಟ್‌ಬೋರ್ಡ್ ಓಡಿಸೋದನ್ನು ಕಲಿಸ್ತಾರೆ. ಬೈದು ಅಲ್ಲ, ಹೊಡೆದೂ ಅಲ್ಲ. ಬೇಕಾದ್ದನ್ನು ಮಾಡಿದಾಗ ಬಹುಮಾನ, ಬೇಡದ್ದನ್ನು ಮಾಡಿದಾಗ ನೋಡೂ ನೋಡದ ಹಾಗೆ ಇರೋದು. ಇದನ್ನು ನೋಡಿ ನೋಡಿ ಈಕೆಗೆ ಹೊಳೆಯಿತಂತೆ: ಮನೆಯಲ್ಲೊಬ್ಬ ಗಂಡ ಇದ್ದಾನಲ್ಲ, ಅವನ ಮೇಲೆ ಯಾಕೆ ಪ್ರಯೋಗಿಸಬಾರದು?

ಗಂಡ ಒಳ್ಳೆಯವನೇ. ಆದರೆ ಬೆವರಿನ ಬಟ್ಟೆ ನೆಲದ ಮೇಲೆ ಬಿಸಾಡ್ತಾನೆ, ಕಾರಿನ ಕೀ ಕಳಕೊಂಡು ಮನೆಯೆಲ್ಲ ಗದ್ದಲ ಎಬ್ಬಿಸ್ತಾನೆ, ಹೆಂಡತಿ ಅಡುಗೆ ಮಾಡುವಾಗ ಒಲೆ ಹತ್ತಿರ ಬಂದು ಅಡ್ಡ ನಿಲ್ತಾನೆ. ಈಕೆ ಬೈಯೋದು ನಿಲ್ಲಿಸಿದರು. ಒಂದು ಅಂಗಿ ಬುಟ್ಟಿಗೆ ಹಾಕಿದರೆ ಥ್ಯಾಂಕ್ಸ್, ಎರಡು ಹಾಕಿದರೆ ಮುತ್ತು. ಕೀ ಕಳೆದಾಗ ಸುಮ್ಮನೆ ಪಾತ್ರೆ ತೊಳೆಯುತ್ತಾ ನಿಂತರು. ಗದ್ದಲ ತಾನಾಗಿ ತಣ್ಣಗಾಯಿತು. ಒಲೆ ಹತ್ತಿರ ಬರೋ ಗಂಡನಿಗೆ ದೂರದಲ್ಲಿ ಒಂದಷ್ಟು ಪಾರ್ಸ್ಲಿ ಸೊಪ್ಪು ಕೊಟ್ಟು ಹೆಚ್ಚಲು ಕೂರಿಸಿದರು, ಇಲ್ಲವೇ ಅಡುಗೆಮನೆಯ ಆಚೆ ತುದಿಯಲ್ಲಿ ಚಿಪ್ಸು, ಸಾಲ್ಸಾ ಇಟ್ಟರು. ತರಬೇತುದಾರನೊಬ್ಬ ತಲೆ ಮೇಲೆ, ಹೆಗಲ ಮೇಲೆ ಬಂದು ಇಳೀತಿದ್ದ ಕೊಕ್ಕರೆಗಳನ್ನು ಓಡಿಸೋ ಬದಲು ಚಾಪೆ ಮೇಲೆ ಇಳಿಯೋದನ್ನು ಕಲಿಸಿದ್ದನಂತೆ. ಅದೇ ಯುಕ್ತಿ ಇಲ್ಲಿ.

ಈ ಲೇಖನ ಓದಿದವರು ಸಾಮಾನ್ಯವಾಗಿ ಎರಡು ಪಂಗಡ ಆಗ್ತಾರೆ. ಒಬ್ಬರು, “ಅಬ್ಬಾ, ಎಷ್ಟು ಸುಲಭ, ನಾಳೆಯಿಂದಲೇ ಶುರು” ಅಂತಾರೆ. ಇನ್ನೊಬ್ಬರು, “ಥೂ, ಕಟ್ಟಿಕೊಂಡ ಗಂಡನನ್ನು ಸರ್ಕಸ್ ಪ್ರಾಣಿ ಥರ ನಡೆಸಿಕೊಳ್ಳೋದಾ? ಇದರಲ್ಲಿ ಪ್ರೀತಿ ಎಲ್ಲಿದೆ, ನಾವು ನಾವಾಗಿರೋದು ಎಲ್ಲಿದೆ?” ಅಂತ ಮುಖ ಸಿಂಡರಿಸ್ತಾರೆ. ನನಗೆ ಇಬ್ಬರೂ ಅರ್ಧ ದಾರಿಯಲ್ಲೇ ನಿಂತಂತೆ ಕಾಣುತ್ತದೆ.

ಮೊದಲು ಎರಡನೇ ಪಂಗಡದವರ ಮಾತು. ವರ್ತನಾ ವಿಶ್ಲೇಷಣೆಯ ಮೂಲ ಮಾತು ತೀರಾ ಸರಳ: ನಾವು ಏನು ಮಾಡ್ತೀವೋ ಅದರ ಫಲ ಏನಾಯಿತು ಅನ್ನೋದರ ಮೇಲೆ ಮುಂದೆ ಅದನ್ನೇ ಮಾಡ್ತೀವೋ ಬಿಡ್ತೀವೋ ಅನ್ನೋದು ನಿಂತಿದೆ. ನಮ್ಮಲ್ಲಿ ಬಿ.ಎಡ್. ಮಾಡಿದವರೆಲ್ಲ ಪರೀಕ್ಷೆಗೆ ಅಂತ ಬಿ.ಎಫ್. ಸ್ಕಿನ್ನರ್ ಅವರ ಇಲಿ, ಪಾರಿವಾಳಗಳನ್ನು ಉರು ಹೊಡೆದವರೇ. ಪಠ್ಯದಲ್ಲಿ ಪುನರ್ಬಲನ ಅನ್ನೋ ಪದ ಬರುತ್ತದೆ. ಹತ್ತು ಅಂಕದ ಪ್ರಶ್ನೆಗೆ ಅದು ಸಾಕು. ಆದರೆ ಪುಸ್ತಕ ಮುಚ್ಚಿಟ್ಟು ಅಂಗಡಿ ಬೀದಿಗೆ ಬನ್ನಿ. ಮಗು ಚಾಕಲೇಟಿಗೆ ಹಠ ಹಿಡಿದು ನೆಲಕ್ಕೆ ಬಿದ್ದು ಹೊರಳಾಡುತ್ತೆ. ನಾಲ್ಕು ಜನ ನೋಡ್ತಿದ್ದಾರೆ ಅಂತ ಅಮ್ಮ ಕೊಡಿಸ್ತಾಳೆ. ಹೊರಳಾಡಿದರೆ ಸಿಗುತ್ತೆ ಅಂತ ಮಗು ಕಲಿಯಿತು. ಕೊಡಿಸಿದರೆ ಗದ್ದಲ ನಿಲ್ಲುತ್ತೆ ಅಂತ ಅಮ್ಮನೂ ಕಲಿತಳು. ಇಬ್ಬರೂ ಒಬ್ಬರನ್ನೊಬ್ಬರು ತರಬೇತು ಮಾಡಿದರು, ಯಾರಿಗೂ ಗೊತ್ತಾಗಲಿಲ್ಲ. ಇದು ನಡೆಯೋದಕ್ಕೆ ಯಾರೂ ಸ್ಕಿನ್ನರ್ ಓದಿರಬೇಕಾಗಿಲ್ಲ. ಅಂದ ಮೇಲೆ, ‘ಪಳಗಿಸೋದು ಬೇಡ, ಸಹಜವಾಗಿರೋಣ’ ಅನ್ನೋ ಆಯ್ಕೆಯೇ ನಮಗಿಲ್ಲ. ಗೊತ್ತಿಲ್ಲದೆ ಮಾಡೋದಾ, ಗೊತ್ತಿದ್ದು ಮಾಡೋದಾ ಅನ್ನೋದಷ್ಟೇ ಆಯ್ಕೆ.

ಇನ್ನು, “ನಾನು ಇರೋದೇ ಹೀಗೆ” ಅನ್ನೋ ಮಾತಿದೆಯಲ್ಲ, ಅದನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಮಂಚದ ಮೇಲೆ ಒದ್ದೆ ಟವೆಲ್ ಕಂಡ ಕೂಡಲೇ ಕಿರುಚುವ ಹೆಂಡತಿ ‘ನಿಜವಾದ ನಾನು’, ಉಸಿರು ಬಿಗಿಹಿಡಿದು ಸುಮ್ಮನಿದ್ದು, ಟವೆಲ್ ದಾರದ ಮೇಲೆ ಕಂಡ ದಿನ ನಕ್ಕು ಮಾತಾಡಿಸುವ ಹೆಂಡತಿ ‘ನಾಟಕದ ನಾನು’, ಹೀಗಂತ ಯಾರು ತೀರ್ಮಾನ ಮಾಡಿದ್ದು? ಆ ಕಿರುಚಾಟವೂ ಎಲ್ಲಿಂದಲೋ ಕಲಿತದ್ದೇ. ಅವಳ ಅಮ್ಮ ಕಿರುಚುತ್ತಿದ್ದಿರಬಹುದು. ಕಿರುಚಿದ ದಿನ ಮಾತ್ರ ಮನೆಯವರು ಕಿವಿಗೊಡ್ತಿದ್ದಿರಬಹುದು. ಮೊದಲು ಬಂದದ್ದು ನಿಜ, ಆಮೇಲೆ ಅಭ್ಯಾಸ ಮಾಡಿದ್ದು ಸುಳ್ಳು ಅನ್ನೋದಾದರೆ ಸಂಗೀತಗಾರರೆಲ್ಲ ಸುಳ್ಳರು. ಸದರ್ಲೆಂಡ್ ಲೇಖನದ ಗಟ್ಟಿ ಭಾಗ ಇರೋದು ಇಲ್ಲೇ. ತರಬೇತಿ ಫಲಿಸದಿದ್ದರೆ ತಪ್ಪು ಪ್ರಾಣಿಯದ್ದಲ್ಲ, ತರಬೇತುದಾರನದ್ದು ಅನ್ನೋ ಸೂತ್ರ ಹಿಡಿದ ಮೇಲೆ ಆಕೆ ಗಂಡನ ಪ್ರತಿ ಅಭ್ಯಾಸವನ್ನೂ ತನಗೆ ಮಾಡಿದ ಅವಮಾನ ಅಂತ ತಿಳಿಯೋದನ್ನು ಬಿಟ್ಟರು. ಬಟ್ಟೆ ನೆಲದ ಮೇಲಿದ್ದರೆ ಅದು ಬಟ್ಟೆ ಅಷ್ಟೇ, ಪ್ರೀತಿ ಕಡಿಮೆಯಾದ ಗುರುತಲ್ಲ. ಲೇಖನದಲ್ಲಿ ಗಂಡ ಬದಲಾದದ್ದು ಸ್ವಲ್ಪ. ನಿಜಕ್ಕೂ ಬದಲಾದವರು ಆಕೆ. ಇಷ್ಟಕ್ಕೆ ಅವರಿಗೆ ಪೂರ್ತಿ ಅಂಕ ಕೊಡಬೇಕು.

ತನ್ನನ್ನು ತಾನೇ ತಿದ್ದಿಕೊಳ್ಳೋದಕ್ಕೆ ಈ ಶಾಸ್ತ್ರವನ್ನು ಬಳಸಿದ ದೊಡ್ಡ ಉದಾಹರಣೆ ಸ್ವತಃ ಸ್ಕಿನ್ನರ್. ಅವರ ಬಗ್ಗೆ ನಮ್ಮ ಕಿವಿಗೆ ಬಿದ್ದಿರೋದು ಬರೀ ವಿಕಾರದ ಕಥೆಗಳು. ಮಗಳನ್ನು ಇಲಿಯ ಹಾಗೆ ಪೆಟ್ಟಿಗೆಯಲ್ಲಿಟ್ಟು ಬೆಳೆಸಿದರಂತೆ, ಅವಳಿಗೆ ಹುಚ್ಚು ಹಿಡಿಯಿತಂತೆ. ಇದು ಶುದ್ಧ ಸುಳ್ಳು. 1944ರಲ್ಲಿ ಎರಡನೇ ಮಗಳು ಹುಟ್ಟಿದಾಗ ಅವರು ಕಟ್ಟಿದ್ದು ಮುಂದೆ ಗಾಜು ಹಾಕಿ ಬೆಚ್ಚಗಿಟ್ಟ ಒಂದು ತೊಟ್ಟಿಲು. 1945ರ ಅಕ್ಟೋಬರಿನಲ್ಲಿ ಮಹಿಳಾ ಪತ್ರಿಕೆಯೊಂದು ಅದರ ಬಗ್ಗೆ ಅವರು ಬರೆದ ಲೇಖನಕ್ಕೆ ‘ಪೆಟ್ಟಿಗೆಯಲ್ಲಿ ಮಗು’ ಅನ್ನೋ ಅರ್ಥದ ತಲೆಬರಹ ಕೊಟ್ಟಿತು. ಪೆಟ್ಟಿಗೆ ಅನ್ನೋ ಪದವೇ ಗಾಳಿಸುದ್ದಿಗೆ ಬೀಜವಾಯಿತು. ಕಲಾವಿದೆಯಾಗಿ ಬೆಳೆದ ಮಗಳು 2004ರಲ್ಲಿ ‘ಗಾರ್ಡಿಯನ್’ ಪತ್ರಿಕೆಯಲ್ಲಿ ತಾನು ಯಾವ ಪ್ರಯೋಗಾಲಯದ ಇಲಿಯೂ ಆಗಿರಲಿಲ್ಲ ಅಂತ ಖಡಕ್ಕಾಗಿ ಬರೆದರು.

ಸ್ಕಿನ್ನರ್ ನಿಜವಾಗಿ ಪ್ರಯೋಗ ಮಾಡಿದ್ದು ತಮ್ಮ ಮೇಲೇ. ಬರೆಯುವ ಮೇಜಿನ ದೀಪಕ್ಕೆ ಗಡಿಯಾರ ಜೋಡಿಸಿದ್ದರು. ದೀಪ ಉರಿದಷ್ಟು ಹೊತ್ತು ಗಡಿಯಾರ ಓಡ್ತಿತ್ತು. ಎಷ್ಟು ಗಂಟೆ ಬರೆದೆ ಅಂತ ಗ್ರಾಫ್ ಎಳೀತಿದ್ದರು, ಪಾರಿವಾಳದ ಲೆಕ್ಕ ಇಟ್ಟ ಹಾಗೇ. 1982ರಲ್ಲಿ, 78ನೇ ವಯಸ್ಸಿನಲ್ಲಿ, ಮುಪ್ಪಿನಲ್ಲಿ ಬುದ್ಧಿಯನ್ನು ಸಂಭಾಳಿಸೋದು ಹೇಗೆ ಅಂತ ಮನಶ್ಶಾಸ್ತ್ರಜ್ಞರ ಸಭೆಯಲ್ಲಿ ಒಂದು ಭಾಷಣ ಮಾಡಿದರು. ಮರುವರ್ಷ ಮಾರ್ಗರೆಟ್ ವಾನ್ ಜೊತೆ ಸೇರಿ ‘ಎಂಜಾಯ್ ಓಲ್ಡ್ ಏಜ್’ ಅನ್ನೋ ಪುಸ್ತಕವನ್ನೇ ಬರೆದರು. ಅದರಲ್ಲಿ ಒಂದು ಕೊಡೆ ಬರುತ್ತದೆ. ಹೊರಡೋದಕ್ಕೆ ಇನ್ನೂ ಹತ್ತು ನಿಮಿಷ ಇದೆ, ಇವತ್ತು ಮಳೆ ಅಂತ ರೇಡಿಯೋ ಹೇಳುತ್ತೆ. ಕೊಡೆ ತಗೊಂಡು ಹೋಗಬೇಕು ಅಂದುಕೊಳ್ತೀರಿ. ಹೊರಡೋ ಹೊತ್ತಿಗೆ ಮರೆತಿರ್ತೀರಿ. ಉಪಾಯ? ಅಂದುಕೊಂಡ ತಕ್ಷಣ ಎದ್ದು ಹೋಗಿ ಕೊಡೆಯನ್ನು ಬಾಗಿಲ ಹಿಡಿಗೆ ನೇತುಹಾಕಿ. ರಾತ್ರಿ ಏನಾದರೂ ಹೊಳೆದರೆ ಬರೆದುಕೊಳ್ಳೋದಕ್ಕೆ ಹಾಸಿಗೆ ಪಕ್ಕ ಪುಸ್ತಕವೋ ಟೇಪ್ ರೆಕಾರ್ಡರೋ ಇಟ್ಟುಕೊಳ್ಳಿ.

ಇಷ್ಟೇನಾ ಅನ್ನಿಸಬಹುದು. ನಮ್ಮಜ್ಜಿ ಸೆರಗಿಗೆ ಗಂಟು ಹಾಕಿಕೊಳ್ತಿದ್ದದ್ದು ಇನ್ನೇನು? ಆದರೆ ಇದರ ಹಿಂದೆ ಒಂದು ಗಂಭೀರ ಮಾತಿದೆ. 1953ರ ‘ಸೈನ್ಸ್ ಅಂಡ್ ಹ್ಯೂಮನ್ ಬಿಹೇವಿಯರ್’ ಪುಸ್ತಕದಲ್ಲೇ ಸ್ಕಿನ್ನರ್ ಒಂದು ವಾದ ಇಟ್ಟಿದ್ದರು: ಇನ್ನೊಬ್ಬರ ನಡತೆಯನ್ನು ಹೇಗೆ ಬದಲಾಯಿಸ್ತೀವೋ ಅದೇ ಹಾದಿಯಲ್ಲಿ, ಅಂದರೆ ಸುತ್ತಲಿನ ಸ್ಥಿತಿಗತಿಗಳನ್ನು ಬದಲಾಯಿಸಿ, ನಮ್ಮ ನಡತೆಯನ್ನೂ ಬದಲಾಯಿಸಿಕೊಳ್ತೀವಿ. ಒಳಗೆ ಕೂತು ಆಡಿಸುವ ಪ್ರತ್ಯೇಕ ‘ನಾನು’ ಒಬ್ಬನಿದ್ದಾನೆ ಅನ್ನೋದನ್ನು ಅವರು ಒಪ್ಪುತ್ತಿರಲಿಲ್ಲ. ಈ ತತ್ತ್ವವನ್ನು ನೀವು ಒಪ್ಪಲೇಬೇಕಿಲ್ಲ, ನನಗೂ ಅದರಲ್ಲಿ ತಕರಾರಿದೆ. ಆದರೆ ಅದನ್ನು ಬದುಕಿದ ರೀತಿ ನೋಡಿ. ಜ್ಞಾಪಕಶಕ್ತಿ ಕುಂದಿದೆ ಅಂತ ಮುಚ್ಚಿಡಲಿಲ್ಲ, ಜನರೆದುರು ಹೇಳಿದರು. 1990ರ ಆಗಸ್ಟ್ 18ರಂದು ಲ್ಯೂಕೆಮಿಯಾದಿಂದ ತೀರಿಕೊಳ್ಳುವ ಎಂಟು ದಿನ ಮುಂಚೆಯೂ ಸಭೆಯೊಂದರಲ್ಲಿ ನಿಂತು ಮಾತಾಡಿದ್ದರು. ‘ನಾನಾಗಿರೋದು’ ಅಂದರೆ ಇದಕ್ಕಿಂತ ಹೆಚ್ಚೇನು ಬೇಕು? ತನಗೆ ಏನು ಮುಖ್ಯ ಅಂತ ತಿಳಿದು, ಅದು ನಡೆಯುವ ಹಾಗೆ ತನ್ನ ಕೋಣೆ, ತನ್ನ ಮೇಜು, ತನ್ನ ಬಾಗಿಲನ್ನು ಸಜ್ಜು ಮಾಡಿಕೊಳ್ಳೋದು. ಕೊಡೆ ನೇತುಹಾಕಿದವರೂ ಅವರೇ, ಮಳೆಯಲ್ಲಿ ನಡೆಯೋರೂ ಅವರೇ.

ಈಗ ಶಾಮು ಲೇಖನಕ್ಕೆ ವಾಪಸ್ ಬನ್ನಿ. ಅಲ್ಲಿ ಕೊಡೆ ನೇತುಹಾಕಿದವರು ಒಬ್ಬರು, ನಡೆಯೋರು ಇನ್ನೊಬ್ಬರು. ಮೊದಲ ಪಂಗಡದ ಓದುಗರು ನೋಡದೆ ದಾಟಿಹೋಗೋದು ಈ ವ್ಯತ್ಯಾಸವನ್ನು.

ಲೇಖನದಲ್ಲಿ ಸದರ್ಲೆಂಡ್ ತಾನೇನು ಮಾಡ್ತಿದ್ದೀನಿ ಅಂತ ಗಂಡನಿಗೆ ಹೇಳ್ತಾರೆ, ಆದರೆ ಯಾವಾಗ? ಎಲ್ಲ ಚೆನ್ನಾಗಿ ಫಲಿಸಿದ ಮೇಲೆ, ಹೇಳದೆ ಇರೋಕಾಗದೆ. ಗಂಡನಿಗೆ ಸಿಟ್ಟು ಬರಲಿಲ್ಲ, ನಗು ಬಂತು, ವಿದ್ಯೆಯನ್ನೂ ಕಲಿತುಕೊಂಡ. ಆಮೇಲೆ ಆಕೆ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡು ದಿನಾ ಗೋಳಾಡುವಾಗ ಒಂದು ದಿನ ಗಂಡ ಏನೂ ಹೇಳದೆ ಸುಮ್ಮನೆ ಕೂತುಬಿಟ್ಟ. ತನ್ನ ವಿದ್ಯೆ ತನಗೇ ತಿರುಗಿದೆ ಅಂತ ಆಕೆಗೆ ಆಗ ಹೊಳೀತು. ಲೇಖನ ಈ ನಗೆಯಲ್ಲಿ ಮುಗಿಯುತ್ತೆ. ಚಂದದ ಮುಕ್ತಾಯ, ನಾನೂ ನಕ್ಕೆ. ಆದರೆ ಈ ನಗೆ ಒಂದು ಪ್ರಶ್ನೆಯನ್ನು ಮುಚ್ಚಿಹಾಕುತ್ತದೆ: ಗಂಡನಿಗೆ ನಗು ಬಾರದೆ ಹೋಗಿದ್ದರೆ? ಎರಡು ವರ್ಷ ಸಿಕ್ಕ ಮುತ್ತುಗಳಲ್ಲಿ ಎಷ್ಟು ಮುತ್ತು, ಎಷ್ಟು ಮೀನಿನ ತುಂಡು ಅಂತ ಅವನು ಲೆಕ್ಕ ಹಾಕೋಕೆ ಶುರು ಮಾಡಿದ್ದರೆ? ಇಲ್ಲಿ ಇಬ್ಬರೂ ಸಮಾನರು, ಆದ್ದರಿಂದ ವಿದ್ಯೆ ತಿರುಗಿ ಬಂತು, ಹಾಸ್ಯವಾಯಿತು. ಒಬ್ಬರು ದೊಡ್ಡವರು, ಒಬ್ಬರು ಪುಟ್ಟವರು ಆಗಿದ್ದರೆ ವಿದ್ಯೆ ತಿರುಗಿ ಬರೋದಿಲ್ಲ.

ಇದು ಕಲ್ಪನೆಯ ಭಯ ಅಲ್ಲ. ಈ ಶಾಸ್ತ್ರದ ಮುಖ್ಯ ಪತ್ರಿಕೆ ‘ಜರ್ನಲ್ ಆಫ್ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್’ ಶುರುವಾದದ್ದು 1968ರಲ್ಲಿ. 1974ರಲ್ಲಿ ಅದರಲ್ಲಿ ರೆಕರ್ಸ್ ಮತ್ತು ಲೊವಾಸ್ ಅನ್ನೋ ಇಬ್ಬರು ಒಂದು ಪ್ರಬಂಧ ಪ್ರಕಟಿಸಿದರು. ಇನ್ನೂ ಐದು ತುಂಬದ ಒಬ್ಬ ಹುಡುಗ. ಅವನ ಆಟ, ಓಡಾಟ ‘ಹೆಣ್ಣಿಗ’ನ ಹಾಗಿದೆ, ಅದನ್ನು ತಿದ್ದಬೇಕು ಅನ್ನೋದು ಗುರಿ. ಕೋಣೆಯಲ್ಲಿ ಎರಡೂ ಬಗೆಯ ಆಟಿಕೆ ಇಟ್ಟರು. ಅಮ್ಮನ ಕಿವಿಗೆ ಇಯರ್‌ಫೋನ್. ಹುಡುಗ ‘ಗಂಡು’ ಆಟಿಕೆ ಮುಟ್ಟಿದರೆ ನಗಬೇಕು, ಮಾತಾಡಿಸಬೇಕು. ‘ಹೆಣ್ಣು’ ಆಟಿಕೆ ಮುಟ್ಟಿದರೆ ಮಡಿಲಲ್ಲಿದ್ದ ಪುಸ್ತಕ ಎತ್ತಿಕೊಂಡು ಓದುವ ಹಾಗೆ ಮುಖ ತಿರುಗಿಸಬೇಕು. ಮನೆಯಲ್ಲಿ ಬಿಲ್ಲೆಗಳ ಲೆಕ್ಕ. ಕೆಂಪು ಬಿಲ್ಲೆ ಸೇರಿದರೆ ಅಪ್ಪನಿಂದ ಪೆಟ್ಟೂ ಇತ್ತು. ಪ್ರಬಂಧ ಇದನ್ನು ಯಶಸ್ಸು ಅಂತ ವರದಿ ಮಾಡಿತು. ಆ ಹುಡುಗ ಬೆಳೆದು 38ನೇ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಆ ಚಿಕಿತ್ಸೆ ಅವನ ಬದುಕನ್ನು ಹಾಳುಮಾಡಿತು ಅಂತ ಮನೆಯವರು 2011ರಲ್ಲಿ ಬಹಿರಂಗವಾಗಿ ಹೇಳಿದರು. 2020ರಲ್ಲಿ ಆ ಪತ್ರಿಕೆಯೇ ಪ್ರಬಂಧದ ಬಗ್ಗೆ ತನ್ನ ಕಳವಳವನ್ನು ಅಧಿಕೃತವಾಗಿ ಪ್ರಕಟಿಸಿತು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬೇಕಾದ್ದಕ್ಕೆ ನಗು, ಬೇಡದ್ದಕ್ಕೆ ಮೌನ. ಕೀ ಕಳೆದ ಗಂಡನಿಗೆ ಬೆನ್ನು ತಿರುಗಿಸಿ ಪಾತ್ರೆ ತೊಳೆದದ್ದು, ಗೊಂಬೆ ಹಿಡಿದ ಮಗುವಿಗೆ ಪುಸ್ತಕ ಅಡ್ಡ ಹಿಡಿದದ್ದು: ಉಪಾಯ ಹೆಚ್ಚುಕಡಿಮೆ ಒಂದೇ. ಒಂದು ನಗೆ ಬರಿಸುತ್ತೆ, ಒಂದು ಹೊಟ್ಟೆ ಹಿಂಡುತ್ತೆ. ಅಂದರೆ ‘ಫಲಿಸುತ್ತಾ?’ ಅನ್ನೋ ಒಂದೇ ಪ್ರಶ್ನೆ ಇಟ್ಟುಕೊಂಡರೆ ಇವೆರಡಕ್ಕೂ ನಡುವೆ ಗೆರೆ ಎಳೆಯೋಕೇ ಆಗೋದಿಲ್ಲ. ಶಾಮು ಲೇಖನದ ದೊಡ್ಡ ಕೊರತೆ ಇದೇ. ಅದರ ಬಳಿ ಇರೋದು ಅದೊಂದೇ ಪ್ರಶ್ನೆ.

ಗೆರೆ ಎಳೆಯೋಕೆ ಬೇಕಾದ ಕಡ್ಡಿ ಈ ಶಾಸ್ತ್ರದ ಒಳಗೇ ಇತ್ತು ಅನ್ನೋದು ಸ್ವಾರಸ್ಯ. ಮಾಂಟ್ರೋಸ್ ವುಲ್ಫ್ ಆ ಪತ್ರಿಕೆಯ ಮೊದಲ ಸಂಪಾದಕರು. 1978ರಲ್ಲಿ ಅವರು ಅದೇ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ವರ್ತನಾ ವಿಶ್ಲೇಷಣೆ ತನ್ನ ಹೃದಯವನ್ನು ಹುಡುಕಿಕೊಳ್ತಿರೋ ಬಗ್ಗೆ. ಅವರು ಕೇಳಿದ್ದು ಮೂರು ಪ್ರಶ್ನೆ. ಈ ಗುರಿ ಆ ಜನಕ್ಕೆ ನಿಜವಾಗಿ ಬೇಕಾದದ್ದೇ? ಬಳಸಿದ ವಿಧಾನ ಅವರಿಗೆ ಒಪ್ಪಿಗೆಯೇ? ಬಂದ ಫಲದಿಂದ ಅವರಿಗೆ ತೃಪ್ತಿಯೇ? ಈ ಮೂರನ್ನೂ ತಜ್ಞ ತಾನೇ ಕೂತು ತೀರ್ಮಾನಿಸುವಂತಿಲ್ಲ, ಹೋಗಿ ಕೇಳಬೇಕು. ವುಲ್ಫ್ ಮತ್ತು ಗೆಳೆಯರು ಕ್ಯಾನ್ಸಸ್‌ನಲ್ಲಿ ಪೊಲೀಸರ ಕೈಗೆ ಸಿಕ್ಕ ಹುಡುಗರಿಗಾಗಿ ‘ಅಚೀವ್‌ಮೆಂಟ್ ಪ್ಲೇಸ್’ ಅನ್ನೋ ಮನೆ ನಡೆಸ್ತಿದ್ದರು. ನಡತೆಗೆ ಅಂಕ ಕೊಡೋದು, ಕಳೆಯೋದು ಎಲ್ಲ ಅಲ್ಲೂ ಇತ್ತು. ಆದರೆ ಅಲ್ಲಿನ ಸಂಶೋಧಕರು ಹುಡುಗರನ್ನೇ ಕೇಳಿದರು: ನಿಮ್ಮನ್ನು ನೋಡಿಕೊಳ್ಳೋರು ಹೇಗಿದ್ದರೆ ನಿಮಗೆ ಇಷ್ಟ? ಉತ್ತರ ಬಂತು: ಸಮಾಧಾನದ ದನಿ, ಸಹಾಯಕ್ಕೆ ಮುಂದಾಗೋದು, ತಮಾಷೆ, ನ್ಯಾಯವಾಗಿ ನಡೆಯೋದು, ಯಾಕೆ ಏನು ಅಂತ ವಿವರಿಸೋದು. ಕೂಗಾಡೋದು, ಮೇಲೆ ಬಿದ್ದು ಆರೋಪ ಹೊರಿಸೋದು, ಮಾತಾಡೋಕೆ ಬಿಡದೆ ಇರೋದು ಬೇಡ. 1977ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಮುಂದಿನ ಹೆಜ್ಜೆ ಹುಡುಗರನ್ನು ತಿದ್ದೋದಲ್ಲ. ಹುಡುಗರು ಹೇಳಿದ ಹಾಗೆ ನೋಡಿಕೊಳ್ಳೋರಿಗೆ ತರಬೇತಿ ಕೊಟ್ಟರು. ತಿದ್ದಿಸಿಕೊಳ್ಳೋರು ತಿದ್ದೋರನ್ನು ತಿದ್ದಿದ ಅಪರೂಪದ ಘಟನೆ. ಗೊಂಬೆಯ ಹುಡುಗನನ್ನು ಇಂಥ ಒಂದು ಮಾತೂ ಯಾರೂ ಕೇಳಲಿಲ್ಲ.

ಇನ್ನೊಂದು ಕಡ್ಡಿ ಚಾರ್ಲ್ಸ್ ಫರ್ಸ್ಟರ್ ಅವರದ್ದು. ಸ್ಕಿನ್ನರ್ ಜೊತೆ ಸೇರಿ 1957ರಲ್ಲಿ ದೊಡ್ಡ ಗ್ರಂಥವನ್ನೇ ಬರೆದವರು, ಆಟಿಸಂ ಇರುವ ಮಕ್ಕಳ ಜೊತೆ ಕೆಲಸ ಮಾಡಿದವರು. 1967ರಲ್ಲಿ ಅವರು ಬಹುಮಾನಗಳಲ್ಲೇ ಎರಡು ಜಾತಿ ಇದೆ ಅಂದರು. ಒಂದು ಹೊರಗಿಂದ ಅಂಟಿಸಿದ್ದು, ಇನ್ನೊಂದು ಆ ಕೆಲಸದಿಂದಲೇ ಹುಟ್ಟುವಂಥದ್ದು. ಅಂಟಿಸಿದ ಬಹುಮಾನದಿಂದ ಲಾಭ ಹೆಚ್ಚಾಗಿ ಕೊಡುವವನಿಗೆ. ಮಗು ಚಿತ್ರ ಬರೆದು ತಂದಾಗ ಮೊಬೈಲಿಂದ ತಲೆ ಎತ್ತದೆ “ಗುಡ್ ಜಾಬ್, ಗುಡ್ ಜಾಬ್” ಅನ್ನೋದು ಅಂಟಿಸಿದ್ದು. ಚಿತ್ರವನ್ನು ಕೈಗೆ ತಗೊಂಡು, “ಈ ಹಸುವಿಗೆ ಯಾಕೋ ಸಿಟ್ಟು ಬಂದಂಗಿದೆಯಲ್ಲೋ” ಅಂತ ಕೇಳಿದರೆ, ಆ ಮಾತು ಚಿತ್ರದ್ದೇ ಫಲ. ಎರಡೂ ಪುನರ್ಬಲನವೇ. ಎರಡನೆಯದರಲ್ಲಿ ನೀವು ಇದ್ದೀರಿ, ಮೊದಲನೆಯದರಲ್ಲಿ ಇಲ್ಲ. ‘ಶಾಸ್ತ್ರ ಬಳಸಿದರೆ ನಾನು ನಾನಾಗಿ ಉಳಿಯೋದಿಲ್ಲ’ ಅನ್ನೋ ದೂರಿಗೆ ನನಗೆ ಸಿಕ್ಕ ಅತ್ಯುತ್ತಮ ಉತ್ತರ ಇದು. ನಿಮಗೆ ನಿಜವಾಗಿ ಖುಷಿಯಾದಾಗ ಅದನ್ನು ತಡೆದಿಟ್ಟುಕೊಳ್ಳದೆ ತೋರಿಸಿ; ಆಗದಿದ್ದಾಗ ನಟಿಸಬೇಡಿ. ಬುಟ್ಟಿಗೆ ಬಿದ್ದ ಅಂಗಿ ಕಂಡು ಸದರ್ಲೆಂಡ್‌ಗೆ ನಿಜಕ್ಕೂ ಹಗುರವಾಗಿದ್ದರೆ ಆ ಥ್ಯಾಂಕ್ಸ್‌ನಲ್ಲಿ ಸುಳ್ಳೇನಿಲ್ಲ. ಒಂದಕ್ಕೆ ಥ್ಯಾಂಕ್ಸ್, ಎರಡಕ್ಕೆ ಮುತ್ತು ಅಂತ ದರಪಟ್ಟಿ ಬಂದ ಕ್ಷಣದಿಂದ ನನಗೆ ಇರುಸುಮುರುಸು.

ನಮ್ಮ ಮನೆಗಳಿಗೆ ಈ ವಿದ್ಯೆ ಬಂದರೆ ಇನ್ನೊಂದು ಅಪಾಯವೂ ಇದೆ. ಡಾಲ್ಫಿನ್ ತಪ್ಪು ಮಾಡಿದಾಗ ತರಬೇತುದಾರ ಕೆಲವೇ ಕ್ಷಣ ಅಲುಗಾಡದೆ ನಿಂತು, ಮತ್ತೆ ಕೆಲಸ ಮುಂದುವರಿಸ್ತಾನೆ. ಅದರಲ್ಲಿ ಸಿಟ್ಟಿಲ್ಲ. ನಮ್ಮಲ್ಲಿ ಮೌನಕ್ಕೆ ಬೇರೆಯದೇ ಚರಿತ್ರೆ ಇದೆ: ಮಾತು ಬಿಡೋದು. ಅತ್ತೆ ಸೊಸೆ ಜೊತೆ ಮಾತು ಬಿಟ್ಟರು, ಅಪ್ಪ ಮಗನ ಜೊತೆ ಮೂರು ವರ್ಷ ಮಾತು ಬಿಟ್ಟರು. ಅನ್ನ ಬಡಿಸೋದೂ ಮಗುವಿನ ಬಾಯಿಂದ ಹೇಳಿಸಿ. ಇದು ಡಾಲ್ಫಿನ್ ಎದುರಿನ ನಾಲ್ಕು ಕ್ಷಣ ಅಲ್ಲ, ಶಿಕ್ಷೆ. ಬೇಡದ್ದನ್ನು ಉಪೇಕ್ಷಿಸಿ ಅನ್ನೋ ಸಲಹೆ ನಮ್ಮ ಕಿವಿಗೆ ಬಿದ್ದರೆ ಅದು ಬೇಗ ಮಾತು ಬಿಡೋದಾಗಿ ಮಾರ್ಪಡುತ್ತೆ, ಅದಕ್ಕೊಂದು ವಿಜ್ಞಾನದ ಸರ್ಟಿಫಿಕೇಟ್ ಬೇರೆ ಸಿಕ್ಕಂಗಾಗುತ್ತೆ. ಬಟ್ಟೆ ಎಸೆದದ್ದನ್ನು ಉಪೇಕ್ಷಿಸೋದು ಬೇರೆ, ಮನುಷ್ಯನನ್ನೇ ಉಪೇಕ್ಷಿಸೋದು ಬೇರೆ.

ಇವತ್ತು ಬೆಂಗಳೂರಿನಂಥ ಊರುಗಳಲ್ಲಿ ಆಟಿಸಂ ಇರುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಎಬಿಎ ಅನ್ನೋ ಮೂರಕ್ಷರ ಚೆನ್ನಾಗಿ ಗೊತ್ತು. ಅದು ಇದೇ ಶಾಸ್ತ್ರ. 1974ರ ಪ್ರಬಂಧದ ಅದೇ ಲೊವಾಸ್ 1987ರಲ್ಲಿ, ವಾರಕ್ಕೆ 40 ಗಂಟೆ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಕ್ಕಳು ಇತರ ಮಕ್ಕಳ ಹಾಗೆ ಶಾಲೆಗೆ ಹೋಗುವಂತಾದರು ಅಂತ ವರದಿ ಮಾಡಿದರು. ಆ ಲೆಕ್ಕದ ಮೇಲೆ ಆಮೇಲೆ ಸಾಕಷ್ಟು ಜಗಳ ನಡೆದಿದೆ. ಅದಕ್ಕಿಂತ ಮುಖ್ಯವಾದ ದನಿ ಆ ಮಕ್ಕಳು ದೊಡ್ಡವರಾದ ಮೇಲೆ ಕೇಳಿಸಿತು. ಆಟಿಸಂ ಇರುವ ಲೇಖಕಿ ಜೂಲಿಯಾ ಬ್ಯಾಸ್ಕಮ್ 2011ರಲ್ಲಿ ‘ಕ್ವಯಟ್ ಹ್ಯಾಂಡ್ಸ್’ ಅನ್ನೋ ಬರಹ ಬರೆದರು. ಕೈ ಆಡಿಸೋದು ಅವರಂಥವರಿಗೆ ಜಗತ್ತನ್ನು ಅರಿಯುವ ದಾರಿ. ಆ ಕೈಗಳನ್ನು ಹಿಡಿದು ಮೇಜಿಗೆ ಒತ್ತಿದರೆ ಏನಾಗುತ್ತೆ ಅನ್ನೋದು ಅದರ ವಸ್ತು. ಓದಿದ ಮೇಲೆ ‘ಕೈ ಸುಮ್ಮನಿಡು’ ಅನ್ನೋ ಮಾತನ್ನು ಅಷ್ಟು ಸಲೀಸಾಗಿ ಹೇಳೋಕಾಗಲ್ಲ.

ಹಾಗಂತ ಮಗುವಿಗೆ ಏನೂ ಕಲಿಸಬಾರದಾ? ಖಂಡಿತ ಕಲಿಸಬೇಕು. ನೀರು ಬೇಕು ಅಂತ ಕೇಳೋದು, ರಸ್ತೆ ದಾಟೋದು, ಬೇಡ ಅಂತ ಹೇಳೋದು. ಅದರಲ್ಲೂ ಬೇಡ ಅಂತ ಹೇಳೋದನ್ನು ಮೊದಲು ಕಲಿಸಬೇಕು. ಇವೆಲ್ಲ ಮಗುವಿನ ಕೈಗೆ ಕೊಡೆ ಕೊಟ್ಟ ಹಾಗೆ. ಕಣ್ಣಲ್ಲಿ ಕಣ್ಣಿಟ್ಟು ನೋಡು, ಕೈ ಆಡಿಸಬೇಡ ಅನ್ನೋದು ಮಾತ್ರ ಹೆಚ್ಚಾಗಿ ನೋಡುವವರ ಸಮಾಧಾನಕ್ಕೆ. ಥೆರಪಿ ಸೆಂಟರಿಗೆ ಫೀಸು ಕಟ್ಟೋ ಮುಂಚೆ ಅಪ್ಪ ಅಮ್ಮ ಕೇಳಬೇಕಾದ್ದು ವುಲ್ಫ್ ಕೇಳಿದ ಅದೇ ಪ್ರಶ್ನೆಗಳು. ಈ ಗುರಿ ನನ್ನ ಮಗುವಿಗೆ ಬೇಕಾದದ್ದಾ, ಇಲ್ಲಾ ಮದುವೆ ಮನೆಯಲ್ಲಿ ನೆಂಟರು ತಿರುಗಿ ನೋಡ್ತಾರೆ ಅಂತ ನಮಗೆ ಬೇಕಾದದ್ದಾ? ಮಗು ಬೇಡ ಅಂದಾಗ ಏನು ಮಾಡ್ತೀರಿ? ಪಕ್ಕದಲ್ಲಿ ಕೂತು ನೋಡಬಹುದಾ? ಮೂರನೇದಕ್ಕೆ ಇಲ್ಲ ಅಂದರೆ ಎದ್ದು ಬರಬೇಕು.

ಕನ್ನಡದಲ್ಲಿ ‘ಪಳಗು’ ಅಂತ ಒಂದು ಕ್ರಿಯಾಪದ ಇದೆ. ಸಕ್ರೆಬೈಲಿನ ಬಿಡಾರದಲ್ಲಿ ಆನೆ ಪಳಗುತ್ತೆ, ಅದು ಮಾವುತನ ಅಂಕೆಗೆ ಬರೋದು. ಹತ್ತಾರು ವರ್ಷ ಮಗ್ಗದ ಮುಂದೆ ಕೂತವರ ಕೈಯನ್ನೂ ‘ಪಳಗಿದ ಕೈ’ ಅಂತೀವಿ, ಅದು ಯಾರ ಅಂಕೆಯೂ ಅಲ್ಲ, ಅವರದೇ ಹಿಡಿತ. ಒಂದೇ ಪದ, ಎರಡು ದಿಕ್ಕು. ಸ್ಕಿನ್ನರ್ ಕೊಡೆ ಎರಡನೇ ದಿಕ್ಕಿನದ್ದು. ಗೊಂಬೆಯ ಹುಡುಗನಿಗೆ ಮಾಡಿದ್ದು ಮೊದಲನೇ ದಿಕ್ಕಿನದ್ದು, ಅದೂ ಅಂಕುಶ ಹಿಡಿದು. ಶಾಮು ಲೇಖನ ನಡುವೆ ನಿಂತಿದೆ. ಬೈಯೋದನ್ನು ಬಿಟ್ಟ ಹೆಂಡತಿಯ ಕೈ ಪಳಗಿತು, ಗಂಡನನ್ನು ಪಳಗಿಸಿದ್ದು ಮಾತ್ರ ಪರದೆಯ ಹಿಂದೆ.

ಪರದೆ ಸರಿಸಿ ಮಾಡೋಕಾಗುತ್ತಾ? ಯಾಕಾಗಲ್ಲ. “ನೋಡೀ, ನೀವು ಒಲೆ ಹತ್ತಿರ ನಿಂತರೆ ನಂಗೆ ಕೈ ಆಡಲ್ಲ. ಅಲ್ಲಿ ಕೂತು ಈ ಸೊಪ್ಪು ಬಿಡಿಸಿಕೊಡ್ತೀರಾ? ನನ್ನ ಯಾವ ಅಭ್ಯಾಸ ನಿಮಗೆ ಕಿರಿಕಿರಿ, ಅದನ್ನೂ ಹೇಳಿ.” ಉಪಾಯ ಅದೇ, ಸೊಪ್ಪೂ ಅದೇ. ಗುಟ್ಟು ಮಾತ್ರ ಇಲ್ಲ. ಗುಟ್ಟು ಬಿಟ್ಟುಕೊಟ್ಟರೆ ಕೆಲಸ ಮಾಡದ ವಿದ್ಯೆಯನ್ನು ಮನೆಯವರ ಮೇಲೆ ಬಳಸೋದು ಬೇಡ. ಗುಟ್ಟು ಬಿಟ್ಟುಕೊಟ್ಟ ಮೇಲೂ ಕೆಲಸ ಮಾಡಿದರೆ, ಧೈರ್ಯವಾಗಿ ಬಳಸಬಹುದು. ಅದರಿಂದ ನೀವು ನೀವಾಗಿರೋದಕ್ಕೆ ಏನೂ ಧಕ್ಕೆಯಿಲ್ಲ, ಎದುರಿಗಿರೋರು ಅವರಾಗಿರೋದಕ್ಕೂ ಇಲ್ಲ.